ಮೈಲೇಜೋ ಎಳೆತವೋ? ಕೊಡಗಿನ ಏರಿಗೆ ಕಾರು ಕೊಳ್ಳುವವರ ಲೆಕ್ಕ

ನಮ್ಮ ಕಡೆ ಹೊಸ ಕಾರು ಅಂಗಳಕ್ಕೆ ಬಂದ ದಿನ ನೆಂಟರು ಕೇಳುವ ಮೊದಲ ಪ್ರಶ್ನೆ "ಎಷ್ಟು ಕೊಡ್ತದೆ?" ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ. "ಏರಲ್ಲಿ ಎಳೀತದಾ?" ಎನ್ನುವ ಎರಡನೇ ಪ್ರಶ್ನೆ ಒಂದು ಮಳೆಗಾಲ ಕಳೆದ ಮೇಲೆ ಬರುತ್ತದೆ. ಮೊದಲ ಕಾರು ಕೊಂಡಾಗ ನಾನು ಒಂದನೇ ಪ್ರಶ್ನೆಗೆ ಮಾತ್ರ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಒಂದು ಲೀಟರಿನ ಪುಟ್ಟ ಪೆಟ್ರೋಲ್ ಎಂಜಿನ್, ಕಾಗದದ ಮೇಲೆ 22 ಕಿಲೋಮೀಟರ್.

ಒಂದು ಶುಕ್ರವಾರ ಮಡಿಕೇರಿ ಸಂತೆ ಮುಗಿಸಿ ಅಮ್ಮ, ಅತ್ತೆ, ಇಬ್ಬರು ಮಕ್ಕಳು, ಹಿಂದೆ ಒಂದು ಮೂಟೆ ಅಕ್ಕಿ, ಒಂದು ಮೂಟೆ ಗೊಬ್ಬರ ಹಾಕಿಕೊಂಡು ನಮ್ಮ ತೋಟದ ಗೇಟಿನ ಏರು ಹತ್ತುತ್ತಿದ್ದೆ. ಅರ್ಧದಲ್ಲಿ ಗಾಡಿ ನಿಂತಿತು. ಹಾಫ್ ಕ್ಲಚ್ಚಿನಲ್ಲಿ ಎರಡು ಸಲ, ಮೂರು ಸಲ ಎತ್ತಲು ನೋಡಿದೆ. ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಅತ್ತೆ ಬಾಗಿಲು ತೆಗೆದು ಇಳಿದು, "ನಾವು ನಡ್ಕೊಂಡು ಬರ್ತೇವೆ, ನೀನು ಅಕ್ಕಿ ತಕ್ಕೊಂಡು ಹೋಗು" ಅಂದರು. ಆ ಕಾರಿನ ಕ್ಲಚ್ ಪ್ಲೇಟನ್ನು ಎರಡು ಸಲ ಬದಲಾಯಿಸಿದೆ. ಮೈಲೇಜಿನಲ್ಲಿ ಉಳಿಸಿದ ದುಡ್ಡು ಗ್ಯಾರೇಜಿಗೆ ಹೋಯಿತು.

ಹಾಗಂತ ದೊಡ್ಡ ಎಂಜಿನ್ ಕೊಂಡರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಆ ಕಥೆಯೂ ಮುಂದೆ ಬರುತ್ತದೆ.

ಶೋರೂಮಿಗೆ ಹೋಗುವ ಮೊದಲು ಒಂದು ತಿಂಗಳ ಲೆಕ್ಕ

ಒಂದು ಹಳೇ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ತಿಂಗಳು ಪ್ರತಿದಿನ ನಾಲ್ಕು ವಿಷಯ ಬರೆಯಿರಿ: ಎಲ್ಲಿಂದ ಎಲ್ಲಿಗೆ ಹೋದಿರಿ, ಎಷ್ಟು ಕಿಲೋಮೀಟರ್, ಗಾಡಿಯಲ್ಲಿ ಎಷ್ಟು ಜನ, ಎಷ್ಟು ಸಾಮಾನು. ಈಗ ಬೈಕು ಅಥವಾ ಬಾಡಿಗೆ ಜೀಪು ಬಳಸುತ್ತಿದ್ದರೂ ಅದನ್ನೇ ಬರೆಯಿರಿ. ತಿಂಗಳ ಕೊನೆಗೆ ನೋಡಿದರೆ ನೀವು ಅಂದುಕೊಂಡಿದ್ದೇ ಬೇರೆ, ಓಡಿದ್ದೇ ಬೇರೆ ಎಂದು ಗೊತ್ತಾಗುತ್ತದೆ. "ತಿಂಗಳಿಗೆ ನಾಲ್ಕು ಸಲ ಮೈಸೂರಿಗೆ ಹೋಗ್ತೇನೆ" ಎನ್ನುತ್ತಿದ್ದವರು ಒಂದೇ ಸಲ ಹೋಗಿರುತ್ತಾರೆ. ಉಳಿದ ಓಡಾಟವೆಲ್ಲ ಮನೆಯಿಂದ ಶಾಲೆ, ಶಾಲೆಯಿಂದ ಕಣ, ಕಣದಿಂದ ಸೊಸೈಟಿ.

ಕೊಡಗು ನಕ್ಷೆಯಲ್ಲಿ ಚಿಕ್ಕದು, ಆದರೆ ಎಲ್ಲ ಕಡೆ ಒಂದೇ ಥರದ ದಾರಿಯಲ್ಲ. ಕುಶಾಲನಗರದಲ್ಲಿದ್ದು ಮೈಸೂರು ಕಡೆಗೇ ಹೆಚ್ಚು ಓಡಾಡುವವರಿಗೆ ದಾರಿ ಬಹುಪಾಲು ಸಮತಟ್ಟು. ಗೋಣಿಕೊಪ್ಪಲಿನಿಂದ ತಿತಿಮತಿ, ಹುಣಸೂರು ಮೇಲೆ ಹೋಗುವವರಿಗೂ ಅಷ್ಟೇ. ಮಡಿಕೇರಿಯಿಂದ ಸಂಪಾಜೆ ಇಳಿದು ಸುಳ್ಯ, ಮಂಗಳೂರಿಗೆ ಹೋಗುವವರದು ಘಾಟಿಯ ಲೆಕ್ಕ. ವಿರಾಜಪೇಟೆಯಿಂದ ಮಾಕುಟ್ಟ ಇಳಿದು ಕಣ್ಣೂರಿಗೆ ಹೋಗುವವರದೂ ಹಾಗೆಯೇ. ಡಾಂಬರು ಬಿಟ್ಟು ತೋಟದ ಒಳರಸ್ತೆಯಲ್ಲಿ ಕೆಸರು, ಗುಂಡಿ, ತಿರುವು ದಾಟಿ ಮನೆ ಮುಟ್ಟುವವರ ಲೆಕ್ಕ ಇವೆರಡಕ್ಕೂ ಹೊರತು. ನಿಮ್ಮ ನೋಟ್‌ಬುಕ್ಕಿನಲ್ಲಿ ಯಾವ ದಾರಿ ಹೆಚ್ಚು ಸಲ ಬಂದಿದೆಯೋ ಅದಕ್ಕೆ ಕಾರು ಆರಿಸಬೇಕು. ವರ್ಷಕ್ಕೆರಡು ಸಲದ ಬೆಂಗಳೂರು ಪ್ರಯಾಣಕ್ಕಲ್ಲ.

ಲೀಟರಿಗೆ ಎಷ್ಟು ಎಂಬ ಅಂಕಿಯನ್ನು ಓದುವುದು ಹೇಗೆ

ಜಾಹೀರಾತಿನಲ್ಲಿ ಬರುವ ಮೈಲೇಜು ಪುಣೆಯ ಎಆರ್‌ಎಐಯಂಥ ಪರೀಕ್ಷಾ ಸಂಸ್ಥೆ ಪ್ರಮಾಣೀಕರಿಸಿದ್ದು. ಪ್ರಯೋಗಾಲಯದಲ್ಲಿ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ನಿಗದಿತ ವೇಗಗಳಲ್ಲಿ ಓಡಿಸಿ ಅಳೆಯುತ್ತಾರೆ. ಅಲ್ಲಿ ಏರಿಲ್ಲ, ಕೆಸರಿಲ್ಲ, ಹಿಂದಿನ ಸೀಟಿನಲ್ಲಿ ಅತ್ತೆಯೂ ಇಲ್ಲ. ಅಂಕಿ ಸುಳ್ಳಲ್ಲ. ಒಂದು ಕಾರನ್ನು ಇನ್ನೊಂದಕ್ಕೆ ಹೋಲಿಸಲು ಅದು ಬೇಕು. ನಿಮ್ಮ ಮನೆ ಖರ್ಚಿನ ಲೆಕ್ಕಕ್ಕೆ ಮಾತ್ರ ಅದನ್ನು ಹಾಗೆಯೇ ಹಾಕಬೇಡಿ. ಸಮತಟ್ಟಿನ ದಾರಿಗೆ ಅದರಿಂದ ಕಾಲುಭಾಗ ಕಳೆಯಿರಿ, ಘಾಟಿ ಮತ್ತು ತೋಟದ ರಸ್ತೆಗೆ ಮೂರನೇ ಒಂದು ಭಾಗವನ್ನೋ ಇನ್ನೂ ಹೆಚ್ಚನ್ನೋ ಕಳೆಯಿರಿ. ಇದು ಶಾಸ್ತ್ರವಲ್ಲ, ನನ್ನ ಅಂದಾಜು.

ಇನ್ನೊಂದು ಸೂಕ್ಷ್ಮವನ್ನು ಸೇಲ್ಸ್‌ನವರು ಹೇಳುವುದಿಲ್ಲ. ವರ್ಷಕ್ಕೆ 10,000 ಕಿಲೋಮೀಟರ್ ಓಡಿಸುವವರು 10 ಕೊಡುವ ಗಾಡಿ ಬಿಟ್ಟು 12 ಕೊಡುವುದನ್ನು ಕೊಂಡರೆ 1000 ಲೀಟರ್ ಬದಲು 833 ಲೀಟರ್ ಸಾಕು. ಉಳಿತಾಯ 167 ಲೀಟರ್. 20 ಕೊಡುವುದನ್ನು ಬಿಟ್ಟು 22 ಕೊಡುವುದನ್ನು ಕೊಂಡರೆ ಉಳಿಯುವುದು ಬರೀ 45 ಲೀಟರ್. ಎರಡರಲ್ಲೂ ವ್ಯತ್ಯಾಸ ಅದೇ ಎರಡು ಕಿಲೋಮೀಟರ್! ಅದಕ್ಕೇ ಹೋಲಿಸುವಾಗ "100 ಕಿಲೋಮೀಟರಿಗೆ ಎಷ್ಟು ಲೀಟರ್" ಎಂದು ತಿರುಗಿಸಿ ಬರೆದುಕೊಳ್ಳಿ. ಚಿಕ್ಕ ಕಾರುಗಳ ನಡುವೆ ಒಂದೆರಡು ಕಿಲೋಮೀಟರಿಗಾಗಿ ತಲೆ ಕೆಡಿಸಿಕೊಳ್ಳುವುದು ದಂಡ. ದೊಡ್ಡ ಗಾಡಿಗಳ ನಡುವೆ ಆರಿಸುವಾಗ ಒಂದು ಕಿಲೋಮೀಟರಿಗೂ ಬೆಲೆಯಿದೆ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್. ಅಷ್ಟೇ ಪ್ರಮಾಣದ ಪೆಟ್ರೋಲಿಗೆ ಹೋಲಿಸಿದರೆ ಎಥನಾಲಿನಲ್ಲಿ ಶಕ್ತಿ ಸುಮಾರು ಮೂರನೇ ಒಂದು ಭಾಗ ಕಡಿಮೆ. ಅಂದರೆ ಟ್ಯಾಂಕಿನೊಳಗಿನ ಒಟ್ಟು ಶಕ್ತಿಯಲ್ಲೇ ನೂರಕ್ಕೆ ಆರೇಳು ಪಾಲು ಇಳಿದಿರುತ್ತದೆ. ಹತ್ತು ವರ್ಷ ಹಿಂದಿನ ಕಾರಿನ ಮೈಲೇಜನ್ನು ನೆನಪಿಟ್ಟುಕೊಂಡು ಇಂದಿನದರ ಜೊತೆ ತೂಗಬೇಡಿ.

ಘಾಟಿ ಸುಂಕ ವಸೂಲಿ ಮಾಡುವುದು ತೂಕ ನೋಡಿ

ಸುಳ್ಯ ಸಮುದ್ರ ಮಟ್ಟದಿಂದ ಸುಮಾರು 100 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಸುಮಾರು 1150 ಮೀಟರ್. ಅಂದರೆ ಸುಳ್ಯದಿಂದ ಮಡಿಕೇರಿಗೆ ಬರುವ ಪ್ರತಿ ಗಾಡಿಯೂ ತನ್ನನ್ನು ತಾನು ಒಂದು ಸಾವಿರ ಮೀಟರ್ ಮೇಲಕ್ಕೆ ಎತ್ತಿಕೊಳ್ಳಬೇಕು. ನಾಲ್ಕು ಜನ, ಸಾಮಾನು ಸೇರಿ 1300 ಕಿಲೋ ತೂಗುವ ಕಾರಿಗೆ ಈ ಎತ್ತುವ ಕೆಲಸಕ್ಕೇ ಒಂದೂವರೆ ಲೀಟರಿಗಿಂತ ತುಸು ಹೆಚ್ಚು ಪೆಟ್ರೋಲ್ ಬೇಕು. ಮುಂದಕ್ಕೆ ಓಡುವ ಖರ್ಚು ಬೇರೆ. ಸಮತಟ್ಟಿನಲ್ಲಿ 18 ಕೊಡುವ ಕಾರು ಆ 50 ಕಿಲೋಮೀಟರಿನಲ್ಲಿ 11ರ ಆಸುಪಾಸಿಗೆ ಇಳಿಯುವುದು ಅದಕ್ಕೇ. ಗಾಡಿ ಕೆಟ್ಟಿದೆ ಎಂದು ಸರ್ವಿಸ್ ಸೆಂಟರಿಗೆ ಓಡಬೇಡಿ.

ಎಂಜಿನ್ ಚಿಕ್ಕದಾದ ಮಾತ್ರಕ್ಕೆ ಈ ಎತ್ತುವ ಕೆಲಸ ಚಿಕ್ಕದಾಗುವುದಿಲ್ಲ. 1300 ಕಿಲೋವನ್ನು ಒಂದು ಲೀಟರಿನ ಎಂಜಿನ್ ಎತ್ತಿದರೂ ಒಂದೂವರೆ ಲೀಟರಿನದು ಎತ್ತಿದರೂ ಬೆಟ್ಟ ಕೇಳುವುದು ಒಂದೇ ಸುಂಕ. ಬದಲಾಗಿ ಪ್ರತಿ 100 ಕಿಲೋ ಹೆಚ್ಚಾದಾಗ ಘಾಟಿಯ ಪ್ರತಿ ಏರಿಗೆ ಲೀಟರಿನ ಎಂಟನೇ ಒಂದು ಭಾಗದಷ್ಟು ಹೆಚ್ಚು ಸುರಿಯಬೇಕು. ಆದ್ದರಿಂದ ಬ್ರೋಷರಿನಲ್ಲಿ ಮೈಲೇಜಿನ ಜೊತೆಗೆ ಗಾಡಿಯ ಖಾಲಿ ತೂಕವನ್ನೂ ಹುಡುಕಿ. ಒಂದೇ ಎಂಜಿನ್ ಇರುವ ಎರಡು ಮಾದರಿಗಳಲ್ಲಿ 150 ಕಿಲೋ ವ್ಯತ್ಯಾಸ ಇದ್ದರೆ ಹಗುರದ್ದು ಏರಲ್ಲೂ ಚೆನ್ನಾಗಿ ಎಳೆಯುತ್ತದೆ, ಎಣ್ಣೆಯೂ ಕಡಿಮೆ ಕುಡಿಯುತ್ತದೆ. ಮೈಲೇಜು ಮತ್ತು ಎಳೆತ ಎರಡೂ ಒಟ್ಟಿಗೆ ಸಿಗುವ ಜಾಗ ಇದೊಂದೇ.

ಇಳಿಯುವಾಗ ವಾಪಸ್ ಸಿಗುವುದಿಲ್ಲವೇ? ಸ್ವಲ್ಪ ಸಿಗುತ್ತದೆ, ಉಳಿದದ್ದು ಬ್ರೇಕಿನ ಬಿಸಿಯಾಗಿ ಹೋಗುತ್ತದೆ. ನಮ್ಮ ಹಿರಿಯರಲ್ಲಿ ಹಲವರು ಎಣ್ಣೆ ಉಳಿಸಲು ನ್ಯೂಟ್ರಲ್ ಹಾಕಿ ಘಾಟಿ ಇಳಿಸುತ್ತಿದ್ದರು. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಇಂಜೆಕ್ಟರು ಎಣ್ಣೆ ಕೊಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲಿನಲ್ಲಾದರೆ ಎಂಜಿನ್ ಆರದಂತೆ ಉಳಿಸಲು ಎಣ್ಣೆ ಸುರಿಯುತ್ತಲೇ ಇರಬೇಕು. ಎಂಜಿನ್ ಬ್ರೇಕೂ ಹೋಯಿತು, ಎಣ್ಣೆಯೂ ಹೋಯಿತು.

ಬಿಎಚ್‌ಪಿ ಬಿಡಿ, ಟಾರ್ಕ್ ಎಷ್ಟು ಆರ್‌ಪಿಎಂನಲ್ಲಿ ಸಿಗುತ್ತದೆ ನೋಡಿ

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಮಾಡೋಣ. ಹೆಚ್ಚಿನವರು ಎಡವುವುದು ಇಲ್ಲೇ.

100 ಮೀಟರಿಗೆ 8 ಮೀಟರ್ ಏರುವ ದಾರಿಯಲ್ಲಿ, ಆ 1300 ಕಿಲೋ ಕಾರು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗಲು 18ರಿಂದ 20 ಅಶ್ವಶಕ್ತಿ ಸಾಕು. ಹೌದು, ಇಪ್ಪತ್ತೇ. ಮಾರುಕಟ್ಟೆಯ ಅತಿ ಚಿಕ್ಕ ಕಾರಿನಲ್ಲೂ ಅದರ ಮೂರು ಪಟ್ಟು ಇರುತ್ತದೆ. ಮತ್ತೆ ನನ್ನ ಗಾಡಿ ಯಾಕೆ ನಿಂತಿತು?

ಬ್ರೋಷರಿನ ಅಶ್ವಶಕ್ತಿ (ಬಿಎಚ್‌ಪಿ) ಎಂಜಿನ್ 5500–6000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು ತಿರುಗಿ ಕಿರುಚುವಾಗ ಸಿಗುವಂಥದ್ದು. ತಿರುವಿನಲ್ಲಿ ಎರಡನೇ ಗೇರಿನಲ್ಲಿ, ಎದುರಿಗೆ ಬಸ್ಸು ಬಂದು ವೇಗ ಇಳಿದಾಗ ಎಂಜಿನ್ ಇರುವುದು 1500ರಲ್ಲಿ. ಆ ಹೊತ್ತಿಗೆ ಎಷ್ಟು ಶಕ್ತಿ ಕೈಯಲ್ಲಿದೆ ಎಂದು ತಿಳಿಯಲು ಸುಲಭ ಸೂತ್ರ: ಟಾರ್ಕನ್ನು (ಎಂಜಿನ್ ತಿರುಗಿಸುವ ಬಲ, ಎನ್‌ಎಂನಲ್ಲಿ) ಆರ್‌ಪಿಎಂನಿಂದ ಗುಣಿಸಿ 7000ದಿಂದ ಭಾಗಿಸಿ. ಹೆಚ್ಚುಕಡಿಮೆ ಅಶ್ವಶಕ್ತಿ ಬರುತ್ತದೆ.

ಸ್ವಿಫ್ಟಿನ ಹಳೆಯ ನಾಲ್ಕು ಸಿಲಿಂಡರಿನ 1.2 ಲೀಟರ್ ಎಂಜಿನ್ನಿಗೆ 90 ಅಶ್ವಶಕ್ತಿ, 113 ಎನ್‌ಎಂ ಟಾರ್ಕ್ ಇತ್ತು. ಆ ಟಾರ್ಕ್ ಪೂರ್ತಿ ಸಿಗುವುದು 4400 ಆರ್‌ಪಿಎಂನಲ್ಲಿ. 1500ರಲ್ಲಿ 95 ಎನ್‌ಎಂ ಇದೆ ಎಂದು ಉದಾರವಾಗಿ ಹಿಡಿದರೂ ಲೆಕ್ಕಕ್ಕೆ ಬರುವುದು 20 ಅಶ್ವಶಕ್ತಿ. ಬೊಲೆರೊದ 1.5 ಲೀಟರ್ ಡೀಸೆಲ್ ಎಂಜಿನ್ನಿಗೆ ಬ್ರೋಷರಿನಲ್ಲಿ ಬರೀ 76 ಅಶ್ವಶಕ್ತಿ. ಆದರೆ ಅದರ 210 ಎನ್‌ಎಂ 1600ರಲ್ಲೇ ಸಿಗುತ್ತದೆ, ಅಂದರೆ 48 ಅಶ್ವಶಕ್ತಿ ಅಲ್ಲೇ ಹಾಜರು. ಗಾಡಿ ಹೆಚ್ಚು ಭಾರ, ನಿಜ. ಆ ಭಾರದ ಪಾಲು ಕಳೆದರೂ ಇನ್ನಷ್ಟು ಕೈಯಲ್ಲಿ ಉಳಿಯುತ್ತದೆ. 76 ಇರುವುದು 90 ಇರುವುದಕ್ಕಿಂತ ತೋಟದ ಏರಲ್ಲಿ ಸಲೀಸಾಗಿ ಹತ್ತುವ ಗುಟ್ಟು ಇದು.

ಎತ್ತರದ ಲೆಕ್ಕವೂ ಒಂದಿದೆ. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪ್ರತಿ 1000 ಮೀಟರ್ ಎತ್ತರಕ್ಕೆ ಸುಮಾರು ನೂರಕ್ಕೆ ಹತ್ತರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುವುದರಿಂದ. ಮಂಗಳೂರಿನ ಶೋರೂಮಿನಲ್ಲಿ ಓಡಿಸಿ ನೋಡಿದ ಕಾರು ಮಡಿಕೇರಿಯಲ್ಲಿ ತುಸು ಸೋಮಾರಿಯಾಗಿ ಕಂಡರೆ ನಿಮ್ಮ ಭ್ರಮೆಯಲ್ಲ. ಟರ್ಬೊ ಇರುವ ಎಂಜಿನ್ ಈ ಕೊರತೆಯನ್ನು ಬಹಳ ಮಟ್ಟಿಗೆ ತುಂಬಿಕೊಳ್ಳುತ್ತದೆ.

ಹಾಗಾದರೆ ಒಂದು ಲೀಟರಿನ ಟರ್ಬೊ ಪೆಟ್ರೋಲ್ ಕೊಂಡರೆ ಎರಡೂ ಸಿಕ್ಕಿತಲ್ಲ? ಅರ್ಧ ಸತ್ಯ. ಇಂಥ ಎಂಜಿನ್ 1800 ದಾಟಿದ ಮೇಲೆ ಹುಲಿ, ಅದಕ್ಕಿಂತ ಕೆಳಗೆ ಬೆಕ್ಕು. ಹೇರ್‌ಪಿನ್ ತಿರುವಿನಲ್ಲಿ ಒಂದು ಕ್ಷಣ ಏನೂ ಇಲ್ಲದೆ, ಆಮೇಲೆ ಒಮ್ಮೆಲೇ ಎಳೆಯುತ್ತದೆ. ಕಾಲಿಟ್ಟು ಓಡಿಸಿದರೆ ಮೈಲೇಜು ಬೀಳುತ್ತದೆ. ನೀವು ಮೆಲ್ಲಗೆ ಓಡಿಸುವವರೇ? ಮನೆಯವರನ್ನು ಕೇಳಿ, ನಿಮ್ಮನ್ನು ನೀವೇ ಕೇಳಿಕೊಳ್ಳಬೇಡಿ.

ಕಂಪನಿಗಳೂ ಇದೇ ತಕ್ಕಡಿ ಹಿಡಿದು ಕೂತಿವೆ. 2024ರಲ್ಲಿ ಬಂದ ಹೊಸ ಸ್ವಿಫ್ಟಿನಲ್ಲಿ ನಾಲ್ಕರ ಬದಲು ಮೂರು ಸಿಲಿಂಡರ್ ಇಟ್ಟರು. ಅಶ್ವಶಕ್ತಿ 90ರಿಂದ 82ಕ್ಕೆ ಇಳಿಯಿತು, ಮ್ಯಾನುಯಲ್ ಗಾಡಿಯ ಕಾಗದದ ಮೈಲೇಜು 22.38ರಿಂದ 24.8ಕ್ಕೆ ಏರಿತು. ಗಿರಾಕಿಗಳು ಮೊದಲು ಕೇಳುವ ಪ್ರಶ್ನೆ ಯಾವುದೆಂದು ಅವರಿಗೂ ಗೊತ್ತು.

ಡೀಸೆಲ್ ಬೇಕೇ?

ಎರಡನೇ ಕಥೆ ನನ್ನ ತಮ್ಮನದು. ನನ್ನ ಪಾಡು ನೋಡಿ ಅವನು ದೊಡ್ಡ ಡೀಸೆಲ್ ಗಾಡಿಯನ್ನೇ ತಂದ. ಎಳೆತಕ್ಕೆ ಬರವಿಲ್ಲ. ಆದರೆ ಅವನ ದಿನದ ಓಟ ಡೈರಿಗೆ ಎರಡು ಕಿಲೋಮೀಟರ್, ಶಾಲೆಗೆ ಮೂರು. ಆರು ತಿಂಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ದೀಪ ಹೊತ್ತಿತು. ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಸೋಸುಕ ಇರುತ್ತದೆ, ಅದೇ ಡಿಪಿಎಫ್. ಗಾಡಿ ಹದಿನೈದಿಪ್ಪತ್ತು ನಿಮಿಷ ಬಿಡದೆ ಒಳ್ಳೆ ವೇಗದಲ್ಲಿ ಓಡಿದಾಗ ಆ ಮಸಿ ತಾನೇ ಉರಿದುಹೋಗಬೇಕು. ಡೈರಿ ಓಟದಲ್ಲಿ ಎಂಜಿನ್ ಬಿಸಿಯಾಗುವುದರೊಳಗೆ ಮನೆ ಬಂದುಬಿಡುತ್ತದೆ. ಈಗ ಅವನು ವಾರಕ್ಕೊಮ್ಮೆ ಬೇರೆ ಕೆಲಸವಿಲ್ಲದೆ ಗಾಡಿಯನ್ನು ಕುಶಾಲನಗರದವರೆಗೆ ಓಡಿಸಿ ಬರುತ್ತಾನೆ. "ನಾಯಿನ ವಾಕಿಂಗ್ ಕರ್ಕೊಂಡು ಹೋದ ಹಾಗೆ ಅಣ್ಣ" ಅನ್ನುತ್ತಾನೆ.

ದುಡ್ಡಿನ ಲೆಕ್ಕ ಹೀಗೆ. ಒಂದೇ ಮಾದರಿಯ ಡೀಸೆಲ್ ಗಾಡಿಗೆ ಪೆಟ್ರೋಲಿಗಿಂತ 1.2 ಲಕ್ಷ ಹೆಚ್ಚು ಎಂದಿಟ್ಟುಕೊಳ್ಳಿ. ಪೆಟ್ರೋಲ್ ಲೀಟರಿಗೆ 100 ರೂಪಾಯಿ, ನಿಮ್ಮ ದಾರಿಯಲ್ಲಿ 14 ಕೊಡುತ್ತದೆ. ಡೀಸೆಲ್ 90 ರೂಪಾಯಿ, 17 ಕೊಡುತ್ತದೆ. ವರ್ಷಕ್ಕೆ 10,000 ಕಿಲೋಮೀಟರ್ ಓಡಿದರೆ ಡೀಸೆಲಿನಿಂದ ಉಳಿಯುವುದು ಸುಮಾರು 18,500. ಹೆಚ್ಚು ಕೊಟ್ಟ ಹಣ ಮರಳಲು ಆರೂವರೆ ವರ್ಷ. 20,000 ಓಡಿದರೆ ಮೂರು ವರ್ಷ ಚಿಲ್ಲರೆ. ನಿಮ್ಮ ಬಂಕಿನ ಇಂದಿನ ದರ, ನಿಮ್ಮ ನೋಟ್‌ಬುಕ್ಕಿನ ಕಿಲೋಮೀಟರ್ ಹಾಕಿ ಮತ್ತೊಮ್ಮೆ ಮಾಡಿ ನೋಡಿ. ನನ್ನ ಮಾತು ಕೇಳುವುದಾದರೆ, ತಿಂಗಳಿಗೆ 1200 ಕಿಲೋಮೀಟರ್ ಓಡದವರು, ಓಡಿದರೂ ಸಣ್ಣಸಣ್ಣ ಓಟವೇ ಹೆಚ್ಚಿರುವವರು ಬರೀ ಮೈಲೇಜಿಗಾಗಿ ಡೀಸೆಲ್ ಕೊಳ್ಳಬಾರದು. ಭಾರ ಎಳೆಯಲು ಕೊಳ್ಳುವುದಾದರೆ ಅದು ಬೇರೆ ಮಾತು.

ಸಿಎನ್‌ಜಿ ಗಾಡಿ ಕಡಿಮೆ ಖರ್ಚಿನದು. ಆದರೆ ಅದೇ ಎಂಜಿನ್ ಅನಿಲದಲ್ಲಿ ಇನ್ನೂ ಮೆತ್ತಗಾಗುತ್ತದೆ, ಡಿಕ್ಕಿಯ ಜಾಗ ಸಿಲಿಂಡರಿಗೆ ಹೋಗುತ್ತದೆ. ಏರಲ್ಲೇ ಮನೆ ಇರುವವರಿಗೆ ನಾನು ಹೇಳುವುದಿಲ್ಲ. ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟಾರೂ ಇರುವ ಹೈಬ್ರಿಡ್ ಗಾಡಿ ಇಳಿಜಾರಿನಲ್ಲಿ ಬ್ಯಾಟರಿ ತುಂಬಿಕೊಳ್ಳುವುದು ನಿಜ. ಆದರೆ ಆ ಬ್ಯಾಟರಿ ಪುಟ್ಟದು, ಗ್ರ್ಯಾಂಡ್ ವಿಟಾರಾದಲ್ಲಿ ಒಂದು ಯೂನಿಟ್ ಕರೆಂಟೂ ಹಿಡಿಸುವುದಿಲ್ಲ. ಸಂಪಾಜೆ ಘಾಟಿಯ ಪೂರ್ತಿ ಇಳಿತದಲ್ಲಿ ಬಿಡುಗಡೆಯಾಗುವುದು ನಾಲ್ಕು ಯೂನಿಟಿನಷ್ಟು. ಮೊದಲ ಕೆಲವು ತಿರುವಿನಲ್ಲೇ ಕೊಡ ತುಂಬಿ, ಉಳಿದದ್ದು ಚೆಲ್ಲಿಹೋಗುತ್ತದೆ.

ಎಂಜಿನ್ ಸರಿಯಿದ್ದರೂ ಚಕ್ರ ಸುತ್ತಿದಲ್ಲೇ ಸುತ್ತಿದರೆ

ಜೂನ್ ಬಂತೆಂದರೆ ತೋಟದ ಮಣ್ಣಿನ ಏರಲ್ಲಿ ಅಶ್ವಶಕ್ತಿ ಲೆಕ್ಕಕ್ಕೇ ಬರುವುದಿಲ್ಲ. ಹೆಚ್ಚಿನ ಕಾರುಗಳಿಗೆ ಎಂಜಿನ್ ಶಕ್ತಿ ಹೋಗುವುದು ಮುಂದಿನ ಚಕ್ರಕ್ಕೆ. ಏರು ಹತ್ತುವಾಗ ಭಾರ ಹಿಂದಕ್ಕೆ ಜಾರುತ್ತದೆ, ಡಿಕ್ಕಿಯಲ್ಲಿ ಮೂಟೆ ಇದ್ದರೆ ಇನ್ನೂ ಹೆಚ್ಚು. ಮುಂದಿನ ಚಕ್ರ ಹಗುರವಾಗಿ ಕೆಸರಲ್ಲಿ ತಿರುಗುತ್ತಲೇ ಇರುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಹಳೇ ಓಮ್ನಿ, ಬೊಲೆರೊಗಳು ನಮ್ಮ ತೋಟಗಳಲ್ಲಿ ಇಷ್ಟು ಕಾಲ ಬಾಳಿದ್ದರಲ್ಲಿ ಇದರ ಪಾಲೂ ಇದೆ. ಜಿಪ್ಸಿಯ 1.3 ಲೀಟರ್ ಎಂಜಿನ್ನಿನ 80 ಅಶ್ವಶಕ್ತಿ ಹೇಳಿಕೊಳ್ಳುವಂಥದ್ದಲ್ಲ. ಅದರ ತಾಕತ್ತು ನಾಲ್ಕೂ ಚಕ್ರಕ್ಕೆ ಹೋಗುವ ಶಕ್ತಿ, ಲೋ ಗೇರ್ ಮತ್ತು ಕಡಿಮೆ ತೂಕದಲ್ಲಿತ್ತು.

ಡಾಂಬರು ರಸ್ತೆ ಮನೆ ಬಾಗಿಲ ತನಕ ಇದ್ದರೆ ಫೋರ್ ವೀಲ್ ಡ್ರೈವಿಗೆ ಹಣ ಸುರಿಯಬೇಡಿ. ಅದರ ತೂಕ ವರ್ಷವಿಡೀ ಮೈಲೇಜು ತಿನ್ನುತ್ತದೆ. ಮಣ್ಣಿನ ದಾರಿ ನೂರಿನ್ನೂರು ಮೀಟರ್ ಮಾತ್ರವಾದರೆ ಆ ಹಣದ ಒಂದು ಚೂರಿನಲ್ಲಿ ಎರಡು ಲೋಡು ಜಲ್ಲಿ ಹಾಕಿಸಿ, ಒಳ್ಳೇ ಟೈರು ಹಾಕಿಸಿ.

ಟೆಸ್ಟ್ ಡ್ರೈವ್

ಶೋರೂಮಿನವರು ಒಬ್ಬರನ್ನೇ ಕೂರಿಸಿಕೊಂಡು ಸಮತಟ್ಟಾದ ದಾರಿಯಲ್ಲಿ ಕರೆದೊಯ್ಯುತ್ತಾರೆ. ಒಪ್ಪಬೇಡಿ. ಮನೆಯ ನಾಲ್ಕು ಜನರನ್ನು ಕರೆದುಕೊಂಡು ಹೋಗಿ, ಎಸಿ ಹಾಕಿ. ಸಾಧ್ಯವಾದರೆ ನಿಮ್ಮ ಮನೆ ದಾರಿಗೇ ತರಿಸಿ, ಆಗದಿದ್ದರೆ ಮಡಿಕೇರಿ ಪೇಟೆಯಲ್ಲೇ ಬೇಕಾದಷ್ಟು ಏರುಗಳಿವೆ. ಏರಿನ ನಡುವೆ ಪೂರ್ತಿ ನಿಲ್ಲಿಸಿ, ಮತ್ತೆ ಎತ್ತಿ. ಕ್ಲಚ್ಚನ್ನು ಎಷ್ಟು ಹೊತ್ತು ಅರ್ಧದಲ್ಲಿ ಹಿಡಿಯಬೇಕಾಯಿತು ಎಂಬುದೇ ಪರೀಕ್ಷೆ. ಆಮೇಲೆ ಎರಡನೇ ಗೇರಿನಲ್ಲಿ ಗಂಟೆಗೆ 15 ಕಿಲೋಮೀಟರಿಗೆ ಇಳಿಸಿ, ಗೇರು ಬದಲಿಸದೆ ಕಾಲಿಡಿ. ನಡುಗಿ ನರಳಿದರೆ ಆ ಎಂಜಿನ್ ನಿಮ್ಮ ದಾರಿಗಲ್ಲ. ಕೊನೆಗೆ ಏರಿನ ಮೇಲಕ್ಕೆ ರಿವರ್ಸ್ ತೆಗೆಯಿರಿ. ಸಿದ್ದಾಪುರ, ತಿತಿಮತಿ ಕಡೆಯವರಿಗೆ ಯಾಕೆಂದು ಹೇಳಬೇಕಾಗಿಲ್ಲ. ಆನೆ ಎದುರು ನಿಂತಾಗ ಬೇಕಾಗುವುದು ಟಾಪ್ ಗೇರಲ್ಲ.

ಬೆಲೆ ಮಾತಾಡುವಾಗ ಎರಡು ಗೆರೆ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಅಥವಾ 1500 ಸಿಸಿವರೆಗಿನ ಡೀಸೆಲ್ ಕಾರುಗಳಿಗೆ ಜಿಎಸ್‌ಟಿ ನೂರಕ್ಕೆ 18, ಅದಕ್ಕಿಂತ ದೊಡ್ಡವಕ್ಕೆ 40. ಕರ್ನಾಟಕದ ಜೀವಿತಾವಧಿ ತೆರಿಗೆಯೂ ಬೆಲೆ ಹತ್ತು ಲಕ್ಷ ದಾಟಿದರೆ ನೂರಕ್ಕೆ 14ರಿಂದ 17ಕ್ಕೆ ಹಾರುತ್ತದೆ, ಮೇಲೆ ಸೆಸ್ ಬೇರೆ. ಸ್ವಲ್ಪ ಹೆಚ್ಚಿನ ಎಳೆತಕ್ಕಾಗಿ ಈ ಗೆರೆ ದಾಟುವುದಾದರೆ ಆ ಹಣಕ್ಕೆ ಎಷ್ಟು ವರ್ಷದ ಪೆಟ್ರೋಲ್ ಬರುತ್ತದೆ ಎಂದು ಒಮ್ಮೆ ಕೂಡಿ ನೋಡಿ.

ಗಾಡಿ ಮನೆಗೆ ಬಂದ ಮೇಲೆ

ಡ್ಯಾಶ್‌ಬೋರ್ಡು ತೋರಿಸುವ ಮೈಲೇಜನ್ನು ನಂಬಿ ಕೂರಬೇಡಿ. ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಅಲ್ಲೇ, ಪಂಪು ತಾನಾಗಿ ನಿಲ್ಲುವ ತನಕ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿದ ಲೀಟರಿನಿಂದ ಭಾಗಿಸಿ. ಮೂರು ನಾಲ್ಕು ಟ್ಯಾಂಕಿನ ಸರಾಸರಿಯೇ ನಿಮ್ಮ ನಿಜವಾದ ಅಂಕಿ.

ನನ್ನ ಈಗಿನ ಗಾಡಿ ಒಂದೂವರೆ ಲೀಟರಿನ, ಟರ್ಬೊ ಇಲ್ಲದ ಪೆಟ್ರೋಲ್, ಕಾಗದದಲ್ಲಿ 20ರ ಹತ್ತಿರ. ಅದರ ಡ್ರಾವರಿನಲ್ಲಿರುವ ನೋಟ್‌ಬುಕ್ಕಿನಲ್ಲಿ ಕಳೆದ ಫೆಬ್ರುವರಿಯ ಅಂಕಿ 15.1. ಜುಲೈಯದು 12.6. ಗಾಜಿನ ಮಂಜು ಬಿಡಿಸಲು ಎಸಿ ಯಾವಾಗಲೂ ಹಾಕಿರುತ್ತದೆ, ರಸ್ತೆ ತುಂಬ ಗುಂಡಿ, ಎರಡನೇ ಗೇರು ದಾಟುವುದೇ ಅಪರೂಪ. ಕಳೆದ ವಾರ ಅತ್ತೆ ಅದೇ ಗೇಟಿನ ಏರಲ್ಲಿ, ಮೂಟೆಯ ಜೊತೆಗೆ, ಇಳಿಯದೆ ಮನೆ ತನಕ ಬಂದರು. ಇಳಿದ ಮೇಲೆ ಕೇಳಿದರು: "ಇದು ಎಷ್ಟು ಕೊಡ್ತದೆ?"